ಭರವಸೆಯ ಬೇಸಾಯ

ಮಳೆಗಾಲ ಸಮೀಪಿಸಿತೆಂದರೆ ಮಲೆನಾಡಿನ ಊರುಗಳಲ್ಲಿ ಹಿಂದೆ ಸಡಗರವೇ ಹೆಚ್ಚಾಗಿರುತ್ತಿತ್ತು. ಈಚಿನ ವರ್ಷಗಳಲ್ಲಿ ಅದರೊಡನೆ ಆತಂಕವೂ ಬಂದು ಸೇರಿಕೊಂಡಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತು. ಎರಡೇ ವಾರಗಳ ನಂತರ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣಿನಡಿ ಸೇರಿದವು. ತೋಟಗಳಲ್ಲಿ ಕೊಳೆರೋಗ ಸಾಲದೆಂಬಂತೆ ಎಲೆಚುಕ್ಕಿ ರೋಗ ಹಬ್ಬುತ್ತಿದೆ. ಕಾಡು, ಹೊಳೆ, ಕಣಿವೆಗಳಿಗಾಗಿ ದಶಕಗಳಿಂದ ದುಡಿದು ತಲೆ ನರೆತವರ ಸಭೆಗಳಲ್ಲಿ, ಕಾರ್ಯಸೂಚಿಯಲ್ಲಿಲ್ಲದ ಪ್ರಶ್ನೆಯೊಂದು ಕೊನೆಗೆ ಕೇಳಿಬರುತ್ತದೆ: ಇನ್ನು ಭರವಸೆ ಎಂಬುದು ಉಂಟೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಎಲ್ಲವೂ ಸರಿಹೋಗುತ್ತದೆ, ವಿಜ್ಞಾನವೋ ಸರ್ಕಾರವೋ ದಾರಿ ಹುಡುಕುತ್ತದೆ ಎಂಬುದು ಒಂದು. ಎಲ್ಲ ಮುಗಿಯಿತು, ಇನ್ನು ಮಾಡುವುದಕ್ಕೇನೂ ಇಲ್ಲ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಎರಡರ ಪರಿಣಾಮವೂ ಒಂದೇ. ಎರಡೂ ಮನುಷ್ಯನನ್ನು ಕೈಕಟ್ಟಿ ಕೂರಿಸುತ್ತವೆ. ಎರಡೂ ನಾಳೆಯನ್ನು ಇಂದೇ ಬಲ್ಲೆವೆಂಬ ಅಹಂಕಾರದಿಂದ ಹುಟ್ಟಿದವು. ಈ ಎರಡನ್ನೂ ಬಿಟ್ಟ ಮಧ್ಯದ ದಾರಿಯೊಂದನ್ನು ಬೌದ್ಧ ಪರಂಪರೆ ತೋರಿಸಿದೆ. ಅದು ಗ್ರಂಥದಲ್ಲಷ್ಟೇ ಉಳಿದ ದಾರಿಯಲ್ಲ. ಕಳೆದ ಅರ್ಧ ಶತಮಾನದಲ್ಲಿ, ಏಷ್ಯಾದ ಅತ್ಯಂತ ನೊಂದ ನಾಡುಗಳಲ್ಲಿ, ಅದನ್ನು ನಡೆದು ತೋರಿಸಿದವರಿದ್ದಾರೆ.

ಪಾಲಿ ಭಾಷೆಯ ಸುತ್ತನಿಪಾತದಲ್ಲಿ ಒಂದು ಪ್ರಸಂಗ ಬರುತ್ತದೆ. ಮಗಧದ ಏಕನಾಲಾ ಎಂಬ ಗ್ರಾಮದಲ್ಲಿ ಬಿತ್ತನೆಯ ಕಾಲ. ಕಸಿ ಭಾರದ್ವಾಜನೆಂಬ ದೊಡ್ಡ ಕೃಷಿಕ ಐನೂರು ನೇಗಿಲು ಹೂಡಿಸಿದ್ದಾನೆ. ಭಿಕ್ಷೆಗೆಂದು ಬಂದು ನಿಂತ ಬುದ್ಧನನ್ನು ಕಂಡು, ಉತ್ತು ಬಿತ್ತಿ ಉಣ್ಣುವುದನ್ನು ಶ್ರಮಣನೂ ಕಲಿಯಬಾರದೇ ಎಂದು ಆತ ಮೂದಲಿಸುತ್ತಾನೆ. ಬುದ್ಧ ಸಿಟ್ಟಾಗುವುದಿಲ್ಲ. ತಾನೂ ಬೇಸಾಯಗಾರನೇ ಎಂದು ಹೇಳಿ, ಬೇಸಾಯದ ಒಂದೊಂದೇ ಸಾಧನವನ್ನು ಮನಸ್ಸಿನ ಒಂದೊಂದು ಗುಣಕ್ಕೆ ಹೋಲಿಸುತ್ತ ಹೋಗುತ್ತಾನೆ. ಆ ಹೋಲಿಕೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶ್ರದ್ಧೆಯನ್ನು ಆತ ಫಸಲಿನ ಸ್ಥಾನದಲ್ಲಿ ಇಡಲಿಲ್ಲ, ಬೀಜದ ಸ್ಥಾನದಲ್ಲಿ ಇಟ್ಟ. ಭರವಸೆಯೆಂಬುದು ಒಳ್ಳೆಯ ಸುದ್ದಿ ಬಂದ ಮೇಲೆ ಮನೆಗೆ ತರುವ ಸುಗ್ಗಿಯಲ್ಲ. ಸುದ್ದಿ ಏನೇ ಇರಲಿ, ಮೊದಲು ನೆಲಕ್ಕೆ ಹಾಕಬೇಕಾದ ಬಿತ್ತನೆ. ಇಂದಿನ ಪರಿಸರ ಚಳವಳಿ ಅರಿಯಬೇಕಾದ ಮಾತು ಇದೇ.

ಹಾಗೆಂದು ಇದು ಕುರುಡು ನಂಬಿಕೆಯಲ್ಲ. ಬುದ್ಧನ ಬೋಧನೆ ಆರಂಭವಾಗುವುದೇ ದುಃಖವಿದೆ ಎಂಬ ನಿಷ್ಠುರ ಸತ್ಯದಿಂದ. ದುಃಖಕ್ಕೆ ಕಾರಣವಿದೆ, ಕಾರಣ ನೀಗಿದರೆ ದುಃಖವೂ ನೀಗುತ್ತದೆ, ಅದಕ್ಕೆ ಮಾರ್ಗವಿದೆ ಎಂಬವು ಉಳಿದ ಮೂರು ಸತ್ಯಗಳು. ರೋಗವನ್ನು ಗುರುತಿಸಿ, ಕಾರಣ ಹುಡುಕಿ, ಗುಣವಾಗುವ ಸಾಧ್ಯತೆಯನ್ನು ತಿಳಿದು, ಮದ್ದು ಕೊಡುವ ವೈದ್ಯನ ಕ್ರಮವಿದು. ಇದರ ಬುಡದಲ್ಲಿರುವುದು ಪ್ರತೀತ್ಯಸಮುತ್ಪಾದ, ಅಂದರೆ ಯಾವುದೂ ತಾನೇ ತಾನಾಗಿ ಹುಟ್ಟುವುದಿಲ್ಲ, ಹಲವು ಕಾರಣಗಳೂ ಸಂದರ್ಭಗಳೂ ಕೂಡಿ ಬಂದಾಗ ಹುಟ್ಟುತ್ತದೆ ಎಂಬ ತಿಳಿವಳಿಕೆ. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜವೊಂದಿದ್ದರೆ ಮೊಳಕೆ ಬರುವುದಿಲ್ಲ. ತೇವ, ಗಾಳಿ, ಹದವಾದ ಬಿಸಿ ಸೇರಬೇಕು. ಬೋಳಾಗಿ ಕಾಣುವ ಸೊಪ್ಪಿನಬೆಟ್ಟದಲ್ಲಿಯೂ ಬೆಂಕಿ, ಮೇವು, ಕಡಿತಗಳನ್ನು ಕೆಲವು ವರ್ಷ ತಡೆದರೆ ಹಳೆಯ ಬುಡಗಳು ಚಿಗುರುತ್ತವೆ. ಸತ್ತಿತೆಂದು ತಿಳಿದದ್ದು ಸತ್ತಿರಲಿಲ್ಲ, ಸಂದರ್ಭಗಳು ಕೂಡಿ ಬಂದಿರಲಿಲ್ಲ, ಅಷ್ಟೆ. ಇಂದಿನ ಸಂಕಟವೂ ಕಾರಣಗಳಿಂದಲೇ ಹುಟ್ಟಿದೆ. ಕಾರಣಗಳಲ್ಲಿ ಒಂದನ್ನಾದರೂ ಬದಲಿಸಲು ಸಾಧ್ಯವಿರುವವರೆಗೆ ಫಲವೂ ಇದೇ ಆಗಿರಬೇಕೆಂಬ ಕಟ್ಟಳೆಯಿಲ್ಲ. ಬೌದ್ಧರ ಭರವಸೆಗೆ ಆಧಾರ ಇಷ್ಟೇ. ಆದರೆ ಇದು ಗಟ್ಟಿಯಾದ ಆಧಾರ.

ಕರುಣೆಯ ವಿಚಾರದಲ್ಲಿಯೂ ಈ ಪರಂಪರೆ ಅಷ್ಟೇ ನಿಖರ. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಎಂಬ ನಾಲ್ಕು ಭಾವನೆಗಳನ್ನು ಬ್ರಹ್ಮವಿಹಾರಗಳೆಂದು ಕರೆದು, ಅವನ್ನು ಅಭ್ಯಾಸದಿಂದ ಬೆಳೆಸುವ ಕ್ರಮವನ್ನು ಹೇಳಲಾಗಿದೆ. ಐದನೆಯ ಶತಮಾನದಲ್ಲಿ ಸಿಂಹಳದ ಅನುರಾಧಪುರದಲ್ಲಿದ್ದ ಆಚಾರ್ಯ ಬುದ್ಧಘೋಷ ತನ್ನ ವಿಶುದ್ಧಿಮಗ್ಗದಲ್ಲಿ, ಈ ಪ್ರತಿಯೊಂದು ಗುಣಕ್ಕೂ ದೂರದ ಹಗೆಯೊಂದು, ಹತ್ತಿರದ ಹಗೆಯೊಂದು ಇದೆಯೆಂದು ವಿವರಿಸುತ್ತಾನೆ. ಕರುಣೆಗೆ ದೂರದ ಹಗೆ ಕ್ರೌರ್ಯ. ಅದನ್ನು ಯಾರೂ ಗುರುತಿಸಬಲ್ಲರು. ಹತ್ತಿರದ ಹಗೆಯಾದರೋ ಶೋಕ. ಅದು ಕರುಣೆಯ ವೇಷದಲ್ಲಿಯೇ ಬಂದು ಮನೆಯೊಳಗೆ ಕೂರುತ್ತದೆ. ಕಡಿದ ಮರದ ಮುಂದೆ ಅತ್ತವನು ತಾನು ಕರುಣಾಳುವೆಂದು ತಿಳಿಯುತ್ತಾನೆ. ಆದರೆ ಆ ಅಳು ಅವನನ್ನು ಎಬ್ಬಿಸದೆ ಅಲ್ಲಿಯೇ ಮಲಗಿಸಿದರೆ ಅದು ಕರುಣೆಯಲ್ಲ. ಹಾಗೆಯೇ ಉಪೇಕ್ಷೆ, ಅಂದರೆ ಸಮಚಿತ್ತ, ಎಂಬುದಕ್ಕೆ ಹತ್ತಿರದ ಹಗೆ ಅಜ್ಞಾನದ ಉದಾಸೀನ. ತನಗೇನು ಎಂಬ ನಿರ್ಲಕ್ಷ್ಯವೂ ನೋಡುವುದಕ್ಕೆ ಶಾಂತಿಯಂತೆಯೇ ಕಾಣುತ್ತದೆ. ಸೋಲಿನ ಮೇಲೆ ಸೋಲು ಕಂಡ ಚಳವಳಿಗಳನ್ನು ಹೊರಗಿನ ವಿರೋಧಿಗಳಿಗಿಂತ ಹೆಚ್ಚಾಗಿ ಕೊರೆಯುವುವು ಈ ಹತ್ತಿರದ ಹಗೆಗಳೇ.

ಇದು ಬರಿಯ ಸೂಕ್ಷ್ಮ ತತ್ತ್ವವಿಚಾರವಲ್ಲವೆಂಬುದಕ್ಕೆ ಕಾಂಬೋಡಿಯಾ ಸಾಕ್ಷಿ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಕೊಲೆ, ಹಸಿವು, ರೋಗಗಳಿಂದ ಅಲ್ಲಿ ಸತ್ತವರ ಸಂಖ್ಯೆಯನ್ನು 15 ಲಕ್ಷದಿಂದ 20 ಲಕ್ಷದವರೆಗೆ ಅಂದಾಜು ಮಾಡಲಾಗಿದೆ. ವಿಹಾರಗಳು ಉಗ್ರಾಣ, ಸೆರೆಮನೆಗಳಾದವು. ಭಿಕ್ಷುಗಳ ಚೀವರ ಕಳಚಿಸಲಾಯಿತು. ಬಹುಪಾಲು ಭಿಕ್ಷುಗಳು ಉಳಿಯಲಿಲ್ಲ. ಈ ವರ್ಷಗಳಲ್ಲಿ ಮಹಾ ಘೋಸಾನಂದ ಎಂಬ ಕಾಂಬೋಡಿಯಾದ ಭಿಕ್ಷು ಥಾಯ್ಲೆಂಡಿನ ದಕ್ಷಿಣದ ಅರಣ್ಯ ವಿಹಾರವೊಂದರಲ್ಲಿದ್ದರು. ಅದಕ್ಕೆ ಮೊದಲು ಅವರು ಬಿಹಾರದ ನಾಲಂದಾದಲ್ಲಿ ಅಧ್ಯಯನ ಮಾಡಿದ್ದವರು. ಅವರ ಕುಟುಂಬದ ಎಲ್ಲರೂ ಆ ನರಮೇಧದಲ್ಲಿ ತೀರಿಕೊಂಡರು. 1970ರ ದಶಕದ ಕೊನೆಯಲ್ಲಿ ನಿರಾಶ್ರಿತರು ಗಡಿ ದಾಟಿ ಬರತೊಡಗಿದಾಗ ಅವರು ಅರಣ್ಯದಿಂದ ಹೊರಟು ಸಕೇವ್ ಶಿಬಿರಕ್ಕೆ ನಡೆದರು. ಅಲ್ಲಿ ಬಿದಿರಿನ ಗುಡಿಸಿಲಿನಂಥ ವಿಹಾರ ಕಟ್ಟಿ, ಮೈತ್ರಿಯ ಬೋಧನೆಯ ಪ್ರತಿಗಳನ್ನು ಹಂಚಿದರು. ದ್ವೇಷ ದ್ವೇಷದಿಂದ ಅಡಗದು ಎಂಬ ಬುದ್ಧವಚನದ ತಾತ್ಪರ್ಯವನ್ನು ಜನರೊಡನೆ ಕೂಡಿ ಪಠಿಸಿದರು. ವರ್ಷಗಟ್ಟಲೆ ಆ ದನಿಯನ್ನೇ ಕೇಳದಿದ್ದ ಜನ ಕಣ್ಣೀರಿಟ್ಟರು. ಆ ಶಿಬಿರದಲ್ಲಿ ಕೊಂದವರ ಕಡೆಯವರೂ ಇದ್ದರು. ಅವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಶೋಕ ಅಲ್ಲಿಗೇ ನಿಲ್ಲಲಿಲ್ಲ, ನಡಿಗೆಯಾಯಿತು. ಶಾಂತಿ ಒಪ್ಪಂದವಾಗಿದ್ದರೂ ಬಂದೂಕು ಅಡಗಿರದಿದ್ದ 1992ರಲ್ಲಿ ಘೋಸಾನಂದರ ಮುಂದಾಳತ್ವದಲ್ಲಿ ಭಿಕ್ಷುಗಳು, ಸಾಧ್ವಿಯರು, ಮರಳಿ ಊರಿಗೆ ಹೊರಟ ನಿರಾಶ್ರಿತರು ಗಡಿಯಿಂದ ಒಳನಾಡಿಗೆ ಧಮ್ಮಯಾತ್ರೆ ಕೈಗೊಂಡರು. ನೆಲಬಾಂಬುಗಳನ್ನು ಹುಗಿದಿದ್ದ ಪ್ರದೇಶದಲ್ಲಿ 16 ದಿನಗಳ, ಸುಮಾರು 200 ಕಿಲೋಮೀಟರುಗಳ ನಡಿಗೆ ಅದು. ಮುಂದೆ ಅದು ವರ್ಷವರ್ಷವೂ ನಡೆಯಿತು. 1994ರಲ್ಲಿ ಯಾತ್ರಿಕರು ಎರಡು ಪಡೆಗಳ ಗುಂಡಿನ ಕಾಳಗದ ನಡುವೆ ಸಿಲುಕಿ, ಒಬ್ಬ ಭಿಕ್ಷು ಮತ್ತು ಒಬ್ಬ ಸಾಧ್ವಿ ಪ್ರಾಣ ಕಳೆದುಕೊಂಡರು. ಯಾತ್ರೆ ನಿಲ್ಲಲಿಲ್ಲ. 1996ರ ಯಾತ್ರೆಯ ಮುಖ್ಯ ವಿಷಯ ಅರಣ್ಯನಾಶ. ಕಾಡಿನ ಮರ ಗಡಿಯಾಚೆ ಮಾರಾಟವಾಗಿ ಆ ಹಣವೇ ಯುದ್ಧಕ್ಕೆ ಇಂಧನವಾಗುತ್ತಿದ್ದುದನ್ನು ಅವರು ಕಂಡಿದ್ದರು. ನಡೆದ ದಾರಿಯಲ್ಲಿ ಸಸಿಗಳನ್ನು ನೆಟ್ಟರು. ಮರ ಮತ್ತು ಶಾಂತಿ ಎರಡು ಬೇರೆ ವಿಷಯಗಳಲ್ಲವೆಂಬುದನ್ನು ಕಾರಣ-ಕಾರ್ಯದ ನೋಟ ಅವರಿಗೆ ತಿಳಿಸಿಕೊಟ್ಟಿತ್ತು. 2007ರ ಮಾರ್ಚ್‌ನಲ್ಲಿ ಘೋಸಾನಂದರು ತೀರಿಕೊಂಡರು.

ಪಕ್ಕದ ವಿಯೆಟ್ನಾಮಿನಲ್ಲಿ 1960ರ ದಶಕದಲ್ಲಿಯೇ ಇಂಥ ಪರೀಕ್ಷೆ ನಡೆದಿತ್ತು. ಭಿಕ್ಷು ಥಿಚ್ ನ್ಹಾತ್ ಹಾನ್ ಅವರ ಪ್ರೇರಣೆಯಿಂದ ಹಳ್ಳಿಗಳ ಸೇವೆಗಿಳಿದ ತರುಣರು, ಉತ್ತರ-ದಕ್ಷಿಣಗಳ ಗಡಿಯ ಸಮೀಪದ ತ್ರಾ ಲೋಕ್ ಎಂಬ ಹಳ್ಳಿ ಬಾಂಬಿಗೆ ನೆಲಸಮವಾದಾಗ ಅದನ್ನು ಮತ್ತೆ ಕಟ್ಟಿದರು. ಮತ್ತೆ ಬಾಂಬು ಬಿತ್ತು, ಮತ್ತೆ ಕಟ್ಟಿದರು. ಹೀಗೆ ಒಂದೆರಡು ಬಾರಿಯಲ್ಲ. ಯುದ್ಧ ಮುಗಿಯುವ ಭರವಸೆಯಿದೆಯೇ ಎಂದು ಆ ತರುಣರು ಕೇಳಿದಾಗ, ಎಲ್ಲವೂ ಅನಿತ್ಯ, ಯುದ್ಧವೂ ಅನಿತ್ಯವೇ ಎಂದು ನ್ಹಾತ್ ಹಾನ್ ಉತ್ತರಿಸಿದ್ದನ್ನು ಮುಂದೆ ನೆನಪಿಸಿಕೊಂಡಿದ್ದಾರೆ. ಅನಿತ್ಯತೆಯನ್ನು ವೈರಾಗ್ಯದ ಮಾತೆಂದೇ ತಿಳಿಯುವುದು ರೂಢಿ. ಚೆಲುವಾದದ್ದೆಲ್ಲ ಅಳಿಯುತ್ತದೆ ಎಂದು ಅದು ಹೇಳುವುದು ನಿಜ. ಆದರೆ ಅನ್ಯಾಯವೂ ಅಳಿಯುತ್ತದೆ ಎಂಬ ಅದರ ಇನ್ನೊಂದು ಮುಖವನ್ನು ನೋಡಿದವರು ಕಡಿಮೆ. ಹಳ್ಳಿಯನ್ನು ಮತ್ತೆ ಕಟ್ಟುವುದನ್ನು ಬಿಟ್ಟಿದ್ದರೆ ಹತಾಶೆ ಗೆಲ್ಲುತ್ತಿತ್ತು. ಕಟ್ಟುವ ಕೆಲಸವೇ ಅಲ್ಲಿ ಭರವಸೆಯ ಇನ್ನೊಂದು ಹೆಸರಾಯಿತು.

ಮಲೆನಾಡಿನ ಓದುಗರಿಗೆ ಇನ್ನೂ ಹತ್ತಿರವಾದ ಉದಾಹರಣೆ ಥಾಯ್ಲೆಂಡಿನದು. 1988ರ ನವೆಂಬರಿನಲ್ಲಿ ಅಲ್ಲಿನ ದಕ್ಷಿಣದ ನಖೋನ್ ಸಿ ಥಮ್ಮರತ್ ಪ್ರಾಂತದಲ್ಲಿ ಭಾರಿ ಮಳೆಯಾಗಿ ಗುಡ್ಡಗಳು ಜಾರಿದವು. ಸಹಜ ಕಾಡು ಕಡಿದು ರಬ್ಬರ್ ಬೆಳೆಸಿದ್ದ ಇಳಿಜಾರುಗಳು ಮಣ್ಣು ಹಿಡಿದಿಡಲಾರದೆ ಹೋದವು; ಕೆಸರಿನೊಡನೆ ಮರದ ದಿಮ್ಮಿಗಳು ಉರುಳಿಬಂದು ಹಳ್ಳಿಗಳನ್ನು ಹೊಸಕಿಹಾಕಿದವು. ನೂರಾರು ಜನ ಸತ್ತರು. ಜನಾಕ್ರೋಶಕ್ಕೆ ಮಣಿದ ಸರ್ಕಾರ 1989ರ ಜನವರಿಯಲ್ಲಿ ಸಹಜ ಅರಣ್ಯಗಳಲ್ಲಿ ವಾಣಿಜ್ಯ ಕಡಿತವನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಮರದ ಬೇಡಿಕೆ ತಗ್ಗಲಿಲ್ಲ. ಕೊಡಲಿ ಬರ್ಮಾ, ಲಾವೋಸ್, ಕಾಂಬೋಡಿಯಾಗಳ ಕಡೆ ತಿರುಗಿತು. ಕಾರಣವನ್ನು ಮುಟ್ಟದೆ ಫಲವನ್ನಷ್ಟೇ ನಿಷೇಧಿಸಿದರೆ ದುಃಖ ಜಾಗ ಬದಲಿಸುತ್ತದೆ, ನೀಗುವುದಿಲ್ಲ. ಕಾಂಬೋಡಿಯಾದ ಯಾತ್ರಿಕರು 1996ರಲ್ಲಿ ಕಂಡ ಬೋಳು ನೆಲಕ್ಕೂ ಈ ನಿಷೇಧಕ್ಕೂ ಇದ್ದ ನಂಟು ಅದು.

ಅದೇ 1988ರಲ್ಲಿ ಉತ್ತರದ ಫಯಾವೋ ಪ್ರಾಂತದ ಭಿಕ್ಷು ಫ್ರಾ ಖ್ರೂ ಮಾನಸ್ ಅವರು ಮರಕ್ಕೆ ಕಾವಿ ವಸ್ತ್ರ ಸುತ್ತಿ ದೀಕ್ಷೆ ಕೊಡುವ ವಿಧಿಯನ್ನು ಆರಂಭಿಸಿದರೆಂದು ಹೇಳಲಾಗುತ್ತದೆ. ನಾನ್ ಪ್ರಾಂತದ ಫ್ರಾ ಖ್ರೂ ಪಿತಕ್ ಅವರು 1990ರಿಂದ ಅದನ್ನು ಹಳ್ಳಿಹಳ್ಳಿಗೂ ಒಯ್ದರು. ಜೋಳದ ಬೇಸಾಯಕ್ಕಾಗಿ ಬೆಟ್ಟಗಳು ಬೋಳಾಗಿ, ತೊರೆಗಳು ಬತ್ತುವುದನ್ನು ಅವರು ತಮ್ಮೂರಿನಲ್ಲಿಯೇ ಕಂಡವರು. ಮರವೇನೂ ಭಿಕ್ಷುವಾಗುವುದಿಲ್ಲವೆಂಬುದು ಅವರಿಗೂ ಗೊತ್ತು, ಜನರಿಗೂ ಗೊತ್ತು. ದೀಕ್ಷೆ ನಿಜವಾಗಿ ಆಗುವುದು ಜನರ ಮನಸ್ಸಿಗೆ. ವಿಧಿಗೆ ಮುನ್ನ ಹಳ್ಳಿಯವರೊಡನೆ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ: ಯಾವ ಕಾಡು, ಎಲ್ಲಿಯವರೆಗೆ, ಯಾರಿಗೆ ಏನು ಹಕ್ಕು ಎಂಬುದೆಲ್ಲ ಇತ್ಯರ್ಥವಾಗಬೇಕು. ಬುದ್ಧನ ಮೂರ್ತಿಯ ಮುಂದೆ ಮಂತ್ರಿಸಿದ ನೀರನ್ನು ಊರಿನ ಮುಖ್ಯಸ್ಥರು ಕುಡಿದು, ಕಾಡು ಕಾಯುವ ಮಾತು ಕೊಡುತ್ತಾರೆ. ಕಾಡನ್ನು ನಾಶಮಾಡುವುದೆಂದರೆ ಬಾಳನ್ನೇ ನಾಶಮಾಡುವುದು ಎಂಬ ಅರ್ಥದ ಫಲಕವನ್ನು ಮರಕ್ಕೆ ಹಾಕುತ್ತಾರೆ. ಬಾಳು ಎಂಬುದಕ್ಕೆ ಅಲ್ಲಿ ಬಳಸುವ ಥಾಯ್ ಪದ ಸಂಸ್ಕೃತದ ಜಾತಿ ಶಬ್ದದಿಂದ ಬಂದದ್ದು. ಹುಟ್ಟು, ಬದುಕು, ರಾಷ್ಟ್ರ ಮೂರನ್ನೂ ಅದು ಸೂಚಿಸುತ್ತದೆ. 1993ರಲ್ಲಿ ಪಿತಕ್ ಅವರು ನಾನ್ ನದಿಗೂ ಆಯುಷ್ಯ ಕೋರುವ ವಿಧಿ ನಡೆಸಿ, ನದಿಯ ಭಾಗವೊಂದನ್ನು ಮೀನುಗಳ ಅಭಯಧಾಮವಾಗಿಸಿದರು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತದ್ದನ್ನು ಬಲ್ಲವರಿಗೆ ಈ ವಿಧಿಯ ಅರ್ಥ ಬೇಗನೆ ತಿಳಿದೀತು.

ಇದರಿಂದ ಕಾಡು ಉಳಿಯಿತೇ ಎಂದು ಕೇಳಿದರೆ, ಎಲ್ಲೆಡೆಯೂ ಉಳಿಯಲಿಲ್ಲ ಎಂದೇ ಹೇಳಬೇಕು. ಪಶು ಆಹಾರದ ಜೋಳಕ್ಕಾಗಿ ನಾನ್ ಪ್ರಾಂತದ ಬೆಟ್ಟಗಳು ಮುಂದೆಯೂ ಬೋಳಾದವು. ಭಿಕ್ಷುಗಳು ಬೆಲೆ ತೆತ್ತರು. ಬುರಿರಾಮ್ ಪ್ರಾಂತದ ಕಾಡಿಗಾಗಿ ನಿಂತ ಫ್ರಾ ಪ್ರಚಕ್ 1991ರಲ್ಲಿ ಬಂಧನಕ್ಕೊಳಗಾದರು. 2005ರ ಜೂನ್‌ನಲ್ಲಿ ಚಿಯಾಂಗ್ ಮಾಯ್ ಪ್ರಾಂತದ ಫ್ರಾ ಸುಪೋಜ್ ಕೊಲೆಯಾದರು. ಆದರೂ ದೀಕ್ಷೆ ಪಡೆದ ಸಮುದಾಯ ಕಾಡುಗಳು ಹಲವೆಡೆ ನಿಂತಿವೆ. ಜನರ ಕೈಯಲ್ಲಿ ಕಾಡಿನ ನಿರ್ವಹಣೆ ಇರಬೇಕೆಂದು ದಶಕಗಳ ಕಾಲ ನಡೆದ ಒತ್ತಾಯದ ತರುವಾಯ, 2019ರಲ್ಲಿ ಥಾಯ್ಲೆಂಡ್ ಸಮುದಾಯ ಅರಣ್ಯ ಕಾನೂನನ್ನು ತಂದಿತು. ಅದೂ ಅಪೂರ್ಣವೆಂಬ ಟೀಕೆಯಿದೆ. 1990ರಲ್ಲಿ ಮರಕ್ಕೆ ವಸ್ತ್ರ ಸುತ್ತಿದವರಿಗೆ 2019ರ ಕಾನೂನು ಕಾಣುತ್ತಿರಲಿಲ್ಲ. ಅದು ಕಂಡಿದ್ದರೆ ಮಾತ್ರ ಸುತ್ತುತ್ತೇವೆ ಎಂದು ಅವರು ಕಾದಿದ್ದರೆ, ಕಾನೂನಿಗೆ ಬೇಕಾದ ಕಾರಣಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು.

ಈ ಕಥನವನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಸ್ತುತಿಪಾಠವಾದೀತು. ಕರುಣೆಗೆ ಕಠಿಣವಾದ ಪರೀಕ್ಷೆಯೂ ಥಾಯ್ಲೆಂಡಿನಲ್ಲಿಯೇ ನಡೆಯಿತು. ಚೋಮ್ ಥೋಂಗ್ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಆಜಾನ್ ಪೋಂಗ್‌ಸಕ್ ಎಂಬ ಭಿಕ್ಷುವಿನ ಮಾರ್ಗದರ್ಶನದಲ್ಲಿ ಕಣಿವೆಯ ರೈತರು ಕಾಲುವೆ ತೋಡಿ, ಸಸಿ ನೆಟ್ಟು, ಜಲಮೂಲದ ಕಾಡನ್ನು ಕಾಪಾಡಲು ಶ್ರಮಿಸಿದರು. ಕೆಲಸ ದೊಡ್ಡದು. ಆದರೆ ಕಾಡಿಗೆ ಹಾಕಿದ ತಂತಿಬೇಲಿ, ಮೇಲಿನ ಬೆಟ್ಟದಲ್ಲಿ ಬೇಸಾಯ ಮಾಡುತ್ತಿದ್ದ ಹ್ಮೋಂಗ್ ಜನರನ್ನು ಹೊರಗಿಟ್ಟಿತು. ತೊರೆ ಬತ್ತಲು ಅವರೇ ಕಾರಣವೆಂದೂ ಅವರನ್ನು ಬೆಟ್ಟದಿಂದ ಇಳಿಸಬೇಕೆಂದೂ ಒತ್ತಾಯ ಬೆಳೆಯಿತು. ವರ್ಷಗಟ್ಟಲೆ ಕಲಹ ನಡೆಯಿತು. ಮರದ ಮೇಲಿನ ಮೈತ್ರಿ ಮನುಷ್ಯನ ಮೇಲಿನ ಹಗೆಯಾಗಿ ತಿರುಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಈ ತೊಡಕು ಹೊಸದೂ ಅಲ್ಲ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದುದಕ್ಕೆ, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟುದಕ್ಕೆ ಮರುಗಿದ ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿಯೇ, ಅರಣ್ಯವಾಸಿಗಳಿಗೆ ಎಚ್ಚರಿಕೆಯ ಮಾತಿದೆ: ಮರುಕವಿದ್ದರೂ ದಂಡಿಸುವ ಶಕ್ತಿ ತನಗಿದೆಯೆಂದು ಚಕ್ರವರ್ತಿ ಅವರಿಗೆ ನೆನಪಿಸುತ್ತಾನೆ. ದಾರಿಯಲ್ಲಿ ಮರ ನೆಡಿಸಿ, ಬಾವಿ ತೋಡಿಸಿ, ಔಷಧಿಯ ಗಿಡಮೂಲಿಕೆ ಬೆಳೆಸಿದ ದೊರೆಯ ಕರುಣೆಯೂ ಕಾಡಂಚಿಗೆ ಬಂದಾಗ ಗಡಿ ಕಂಡಿತು. ರಾಷ್ಟ್ರೀಯ ಉದ್ಯಾನಗಳ ಒಳಗಿನ ಹಾಡಿಗಳು, ಒತ್ತುವರಿಯ ವಿವಾದ, 2006ರ ಅರಣ್ಯಹಕ್ಕು ಕಾಯಿದೆಯ ಅರ್ಜಿಗಳು, ಇವುಗಳ ನಡುವೆ ಬದುಕುವ ಮಲೆನಾಡಿಗೆ ಈ ಪಾಠ ದೂರದ್ದಲ್ಲ. ಬುದ್ಧಘೋಷನ ಅಭ್ಯಾಸಕ್ರಮದಲ್ಲಿ ಮೈತ್ರಿ ತನ್ನಿಂದ ಆರಂಭವಾಗಿ, ಪ್ರಿಯನಾದವನಿಗೆ, ಅಪರಿಚಿತನಿಗೆ, ಕೊನೆಗೆ ವೈರಿಗೆ ತಲುಪಬೇಕು. ಈ ನಾಲ್ವರ ನಡುವಿನ ಬೇಲಿ ಬಿದ್ದಾಗಲೇ ಅದು ಪೂರ್ಣ. ಕಾಡಿನ ಮೇಲಿನ ಪ್ರೀತಿ ಕಾಡಿನವರ ವರೆಗೆ, ಯೋಜನೆಯನ್ನು ಬಯಸುವ ಕೂಲಿಯವನ ವರೆಗೆ, ಕಡತಕ್ಕೆ ಸಹಿ ಹಾಕುವ ಅಧಿಕಾರಿಯ ವರೆಗೆ ಹರಿಯದಿದ್ದರೆ ಅದು ಕರುಣೆಯಾಗಿ ಬೆಳೆದಿಲ್ಲವೆಂದೇ ತಿಳಿಯಬೇಕು. ಇದರರ್ಥ ವಿರೋಧವನ್ನು ಕೈಬಿಡುವುದಲ್ಲ. ಘೋಸಾನಂದರು ಯುದ್ಧವನ್ನು ವಿರೋಧಿಸಿದರು, ಸೈನಿಕನನ್ನು ದ್ವೇಷಿಸಲಿಲ್ಲ. ಕಾರಣವನ್ನು ಎದುರಿಸುವುದಕ್ಕೂ ವ್ಯಕ್ತಿಯನ್ನು ಹಳಿಯುವುದಕ್ಕೂ ಇರುವ ಅಂತರವನ್ನು ಮರೆತ ಚಳವಳಿ ಗೆದ್ದರೂ ಸೋತಂತೆಯೇ.

ಈ ಬೆಟ್ಟಗಳಿಗೆ ಬುದ್ಧನ ಮಾತು ಹೊಸತಲ್ಲ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ವನವಾಸಕ್ಕೆ ಕಳಿಸಲಾಯಿತೆಂದು ಸಿಂಹಳದ ಮಹಾವಂಸ ಹೇಳುತ್ತದೆ; ಅದು ಇಂದಿನ ಬನವಾಸಿಯ ಸೀಮೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲಬುರಗಿ ಸೀಮೆಯ ಸನ್ನತಿಯಲ್ಲಿ, ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳಲ್ಲಿ ಅಶೋಕನ ಶಾಸನಗಳಿವೆ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ, 1966ರಿಂದ ಮುಂಡಗೋಡಿನಲ್ಲಿ, ನೆಲ ಕಳೆದುಕೊಂಡು ಬಂದ ಟಿಬೆಟನ್ನರು ಅಪರಿಚಿತ ಹವೆಯಲ್ಲಿ ಹೊಲ ಹದಮಾಡಿ, ಜೋಳ ಬಿತ್ತಿ, ವಿಹಾರ ಕಟ್ಟಿ ಬದುಕಿದ್ದಾರೆ. ಮರಳಿ ಹೋಗುವ ದಿನ ಗೊತ್ತಿಲ್ಲದೆಯೂ ಬಿತ್ತುವುದು ಹೇಗೆಂಬುದನ್ನು ನೋಡಲು ಮಲೆನಾಡಿಗರು ದೂರ ಹೋಗಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಂಕಟವನ್ನು ಮುಚ್ಚಿಡದೆ ಇದ್ದಂತೆಯೇ ಹೇಳಬೇಕು. ಕುಸಿಯಬಹುದಾದ ಇಳಿಜಾರುಗಳನ್ನು, ಬತ್ತುತ್ತಿರುವ ಕೆರೆಗಳನ್ನು ಊರೂರಿನ ಜನರೇ ಗುರುತಿಸಿ ದಾಖಲಿಸಬೇಕು. ಕಾರಣಗಳ ಸರಪಳಿಯಲ್ಲಿ ತಮ್ಮ ಕೈಗೆಟಕುವ ಕೊಂಡಿ ಯಾವುದೆಂದು ಪ್ರತಿ ಊರೂ ಹುಡುಕಬೇಕು. ಅದು ಒಂದು ಸೊಪ್ಪಿನಬೆಟ್ಟವಿರಬಹುದು, ಒಂದು ಅಬ್ಬಿಯ ಮೇಲಿನ ಹತ್ತು ಎಕರೆ ಕಾಡಿರಬಹುದು, ಗ್ರಾಮಸಭೆಯ ಒಂದು ಠರಾವಿರಬಹುದು. ಎದುರಾಳಿಯ ಮನೆಯ ಕಷ್ಟಕ್ಕೂ ಹೋಗಿ ನಿಲ್ಲಬೇಕು. ದಣಿದವರನ್ನು ದೂರದೆ ಅವರಿಗೆ ವಿಶ್ರಾಂತಿ ಕೊಡಬೇಕು. ಮೈತ್ರಿ ತನ್ನಿಂದಲೇ ಆರಂಭವಾಗಬೇಕೆಂಬ ಮಾತಿನ ಅರ್ಥ ಅದೇ. ಫಲ ಬಂದೀತೋ ಬಾರದೋ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಯಾರ ಬಳಿಯಲ್ಲಿಯೂ ಇಲ್ಲ. ಮುಂಗಾರಿನ ಮುನ್ನ ಬೀಜ ಹಿಡಿದು ನಿಂತ ರೈತನ ಬಳಿಯಲ್ಲಿಯೂ ಅದು ಎಂದೂ ಇರಲಿಲ್ಲ. ಆದರೂ ಆತ ಬಿತ್ತಿದ್ದರಿಂದಲೇ ಊರು ಉಂಡಿತು.